ಹಿಂಬಾಗಿಲ ಭಾರ

ಓಕ್ಲಹೋಮಾದ ಕ್ಯಾಂಪಿನಲ್ಲಿ ಟ್ರೇಲರಿನ ಬಾಗಿಲು ತೆರೆದಾಗ ಆರ್ಲಿಸ್ ಲೊಕೆನ್‌ಳ ಮೂಗಿಗೆ ಮೊದಲು ಬಡಿದದ್ದು ವಿನೆಗರ್ ವಾಸನೆ. ಬೀಟ್‌ರೂಟ್ ಉಪ್ಪಿನಕಾಯಿಯ ಬಾಟಲಿ ಒಡೆದು, ಕೆಂಪು ರಸ ನೆಲದ ಮೇಲೆ ಹರಿದು, ಅದರಲ್ಲಿ ಕಾಫಿಪುಡಿ ನೆನೆದು ಕೂತಿತ್ತು. ಬೀರುವಿನಿಂದ ಕಳಚಿಕೊಂಡ ಎರಡು ಸ್ಕ್ರೂಗಳು ಆ ರಾಡಿಯಲ್ಲೇ ಬಿದ್ದಿದ್ದವು. ವಾರದಲ್ಲಿ ಇದು ನಾಲ್ಕನೆಯ ಸಲ. ಮೊಣಕಾಲೂರಿ ಒರೆಸುತ್ತಿದ್ದಂತೆ ಅವಳಿಗೆ ಟ್ರೇಲರಿನ ಮೇಲೆ, ರಸ್ತೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಹೊರಗೆ ಸಿಳ್ಳೆ ಹಾಕುತ್ತ ನೀರಿನ ಪೈಪು ಜೋಡಿಸುತ್ತಿದ್ದ ಗಂಡನ ಮೇಲೆ ಹೇಸಿಗೆ ಹುಟ್ಟಿತು.

ನಾರ್ತ್ ಡಕೋಟಾದ ಹಾಲಿನ ಸಹಕಾರ ಸಂಘದ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಹಾಲಿನ ಕೊಬ್ಬು ಅಳೆದವಳು ಆರ್ಲಿಸ್. ಹೊಲದ ಮನೆ ಮಾರಿದ ಮೇಲೆ ಗಂಡ ಡೆಲ್ಮರ್ ಜೊತೆ ಆರು ವರ್ಷಗಳಿಂದ ಈ ಟ್ರೇಲರಿನಲ್ಲೇ ಸಂಸಾರ. ಅದು ಫಿಫ್ತ್ ವೀಲ್ ಎಂಬ ಬಗೆಯ ಟ್ರೇಲರ್, ಎಂದರೆ ಪಿಕಪ್ಪಿನ ಬೆನ್ನ ಮೇಲಿನ ಕೊಂಡಿಗೆ ಕೊರಳು ಚಾಚಿ ಕೂರುವ ದೊಡ್ಡ ಮನೆ. ಕಾಂಕ್ರೀಟ್ ರಸ್ತೆಯ ಪ್ರತಿ ಸಂದಿಗೂ ಅದು ಪಿಕಪ್ಪನ್ನು ಒಮ್ಮೆ ಹಿಂದೆ ಜಗ್ಗಿ ಒಮ್ಮೆ ಮುಂದೆ ನೂಕುತ್ತಿತ್ತು. ಸೀಟಿನ ಬೆನ್ನಿಗೆ ಯಾರೋ ಒಂದೇ ಸಮ ಗುದ್ದಿದ ಹಾಗೆ. ಕಳೆದ ವಸಂತದಲ್ಲಿ ಅವಳ ಬೆನ್ನುಮೂಳೆಯ ಒಂದು ಮಣಿ ಬಿರುಕು ಬಿಟ್ಟಿತ್ತು. ಕುಲುಕಾಟ ಕೂಡದು ಎಂದಿದ್ದರು ಡಾಕ್ಟರು.

ಈ ಸಲ ಹೊರಡುವಾಗಲೇ ಅವಳು ಗಡುವು ಹಾಕಿದ್ದಳು. ದಾರಿಯಲ್ಲಿ ಸಿಗುವ ಅಮರಿಲ್ಲೊ ಊರಿನಲ್ಲಿ ತಂಗಿ ಜೋನಿಸ್ ಒಂದು ಕೋಣೆ ಖಾಲಿ ಮಾಡಿಟ್ಟಿದ್ದಳು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಕುಲುಕಾಟ ನಿಲ್ಲದಿದ್ದರೆ ಆರ್ಲಿಸ್ ಅಲ್ಲೇ ಇಳಿಯುವುದು. "ಆಮೇಲೆ ನೀನು ಈ ಡಬ್ಬ ಎಳ್ಕೊಂಡು ಒಬ್ಬನೇ ತಿರುಗು," ಎಂದಿದ್ದಳು. ನಾಳೆಯೇ ಅಮರಿಲ್ಲೊ.

ಡೆಲ್ಮರ್ ಕೈಕಟ್ಟಿ ಕೂತಿರಲಿಲ್ಲ. ಮೊದಲು ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದ, ಆಮೇಲೆ ಗಾಳಿಚೀಲವಿರುವ ಕೊಂಡಿ ಕೊಂಡ. ಪ್ರತಿ ಕ್ಯಾಂಪಿನಲ್ಲೂ ಸಂಜೆ ಮಡಚು ಕುರ್ಚಿ ಹಾಕಿಕೊಂಡ ಗಂಡಸರು ತಂತಮ್ಮ ಕೊಂಡಿಯನ್ನು ಕುಲದೇವರಂತೆ ಹೊಗಳುತ್ತಿದ್ದರು, ಇವನು ತಲೆದೂಗುತ್ತಿದ್ದ. ಅವರಲ್ಲಿ ಒಬ್ಬನಾದರೂ ಏನನ್ನಾದರೂ ಅಳೆದಿದ್ದಾನೆಯೇ ಎಂದು ಆರ್ಲಿಸ್ ಕೇಳಿದಾಗ ಅವರು ಅವಳಿಗೂ ಒಂದು ಬಿಯರ್ ಚಾಚಿದರು.

ಮರುದಿನ ಬೆಳಿಗ್ಗೆ ಅವಳೇ ಹಠ ಹಿಡಿದು ಗಾಡಿಯನ್ನು ಹೆದ್ದಾರಿಯ ಲಾರಿ ವೇಬ್ರಿಡ್ಜಿಗೆ ತಿರುಗಿಸಿದಳು. ಒಮ್ಮೆ ಟ್ರೇಲರ್ ಸಮೇತ, ಇನ್ನೊಮ್ಮೆ ಪಿಕಪ್ ಮಾತ್ರ ತೂಗಿಸಿ, ಚೀಟಿಯ ಹಿಂದೆ ಲೆಕ್ಕ ಹಾಕಿದಳು. ಟ್ರೇಲರಿನ ಒಟ್ಟು ತೂಕ ಹನ್ನೆರಡು ಸಾವಿರದ ನಾನೂರು ಪೌಂಡ್. ಅದರಲ್ಲಿ ಕೊಂಡಿಯ ಮೇಲೆ ಕೂತಿದ್ದು ಸಾವಿರದ ನಾನೂರ ತೊಂಬತ್ತು. ನೂರಕ್ಕೆ ಹನ್ನೆರಡು. ಇಪ್ಪತ್ತರ ಹತ್ತಿರ ಇರಬೇಕಿತ್ತು. ಕೊಂಡಿಯ ಮೇಲೆ ಭಾರ ಕಡಿಮೆಯಾಗಿ, ಟ್ರೇಲರಿನ ಮೂತಿ ಹಗುರಾಗಿ ಎಗರುತ್ತಿತ್ತು. ಗಾಳಿಚೀಲವೂ ಆ ಹಗುರ ಭಾರಕ್ಕೆ ಬಗ್ಗದೆ ಕಲ್ಲಿನಂತೆ ಕೂತಿತ್ತು.

"ಹಿಂದೆ ಏನೇನು ತುಂಬಿದೀಯ?"

ಡೆಲ್ಮರ್ ಹಿಂಬದಿಯ ಗೂಡು ತೆರೆದ. ಅರಿಜೋನಾದಲ್ಲಿ ಆರು ಚಳಿಗಾಲ ಹೆಕ್ಕಿದ ಕಲ್ಲಾದ ಮರದ ತುಂಡುಗಳು, ಅಗೇಟ್ ಎಂಬ ಬಣ್ಣದ ಪಟ್ಟೆಯ ಕಲ್ಲುಗಳು, ಉಪಕರಣದ ಪೆಟ್ಟಿಗೆ, ಆಲೂಗಡ್ಡೆ ಮೂಟೆ. ಮಂಚದ ಕೆಳಗಿನ ಮುಂದಿನ ಗೂಡಿನಲ್ಲಿ ಇದ್ದದ್ದು ಕೌದಿಗಳು, ಕ್ರಿಸ್‌ಮಸ್ ದೀಪದ ಸರಗಳು, ಖಾಲಿ ಸೂಟ್‌ಕೇಸು.

ಅವಳು ಬಾಯಿ ತೆರೆಯುವ ಮೊದಲೇ ಅವನೆಂದ: "ಮಣ್ಣಿನ ಸಾಮಾನು ಹಿಂದೆ, ಕ್ಲೀನಾಗಿರೋದು ಮುಂದೆ ಅಂತ ಮೊದಲ್ನೇ ದಿನ ಹೇಳಿದ್ಯಾರು, ಆರ್ಲಿಸ್? ಒಂದ್ಸಲ ಒಂದು ಕಲ್ಲು ಮುಂದೆ ಇಟ್ಟಿದ್ದಕ್ಕೆ ನೀನು ಎರಡು ದಿನ ಮಾತು ಬಿಟ್ಟಿದ್ದೆ."

ನಿಜ. ಅವರ ಸೀಮೆಯ ಹೊಲದ ಮನೆಗಳಲ್ಲಿ ಎಲ್ಲರೂ ಒಳಗೆ ಬರುವುದು ಹಿಂಬಾಗಿಲಿನಿಂದ. ಕೆಸರಿನ ಬೂಟು, ಹಾಲಿನ ಕ್ಯಾನು, ಆಲೂಗಡ್ಡೆ ಎಲ್ಲಾ ಅಲ್ಲೇ. ಮುಂದಿನ ಕೋಣೆ ಪಾದ್ರಿ ಬಂದರೆ ಕೂರಲು. ಆ ಮನೆಯ ಶಿಸ್ತನ್ನು ಅವಳು ಚಕ್ರದ ಮನೆಗೂ ತಂದಿದ್ದಳು. ಒಂದು ದಶಾಂಶ ತಪ್ಪಿದ ಹಾಲಿನ ವರದಿಯನ್ನು ಕಿರಿಯರ ಮುಖಕ್ಕೆ ಎಸೆದವಳು ಆರು ವರ್ಷ ಇದನ್ನು ತೂಗಿ ನೋಡಿರಲಿಲ್ಲ. ಈಗ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಲಾರಿಗಳ ನಡುವೆ ನಿಂತು ಸಾಮಾನು ಇಳಿಸಿದರು. ಅವಳ ಬೆನ್ನಿಗೆ ಆಗದೆಂದು ಡೆಲ್ಮರ್ ಕಲ್ಲು ಹೊತ್ತ. ಅವಳು ಕೌದಿ ಸಾಗಿಸಿದಳು. ಸ್ಯಾಂಡ್‌ವಿಚ್ ತಿನ್ನುತ್ತ ನಿಂತಿದ್ದ ಲಾರಿ ಡ್ರೈವರ್ ಕೇಳಿದ, "ಏನಮ್ಮಾ, ಯಜಮಾನ್ರನ್ನ ಮನೆಯಿಂದ ಹೊರಗೆ ಹಾಕ್ತಿದೀರಾ?"

"ಇಲ್ಲಪ್ಪಾ. ಅವರ ಕಲ್ಲುಗಳ್ನ ನನ್ನ ಹಾಸಿಗೆ ಕೆಳಗೆ ಮಲಗಿಸ್ತಿದೀನಿ."

ಕೆಂಪು ಧೂಳು ಗೂಡಿನ ಬಿಳಿ ಗೋಡೆಗೆ ಮೆತ್ತಿಕೊಂಡಿತು. ಅಜ್ಜಿ ಹೊಲಿದ ಕೌದಿ ಎಣ್ಣೆ ವಾಸನೆಯ ಹಿಂದಿನ ಗೂಡು ಸೇರಿದ್ದನ್ನು ನೋಡಿ ಅವಳು ಮುಖ ಸಿಂಡರಿಸಿದಳು. ಮತ್ತೆ ತೂಗಿಸಿದರು: ನೂರಕ್ಕೆ ಹದಿನೆಂಟೂವರೆ. ಆ ಭಾರಕ್ಕೆ ಒಪ್ಪುವಷ್ಟು ಗಾಳಿಯನ್ನು ಅವಳೇ ಮೀಟರ್ ಹಿಡಿದು ಚೀಲಕ್ಕೆ ತುಂಬಿಸಿದಳು.

ಪಶ್ಚಿಮದ ಹೆದ್ದಾರಿಯಲ್ಲಿ ಸಂದಿಗಳ ಟಕಟಕ ಕೇಳುತ್ತಿತ್ತು, ಗುದ್ದು ಬರಲಿಲ್ಲ. ಐವತ್ತು ಮೈಲಿ ದಾಟಿತು. ಡೆಲ್ಮರ್ ಅವಳ ಬೆನ್ನು ಹೇಗಿದೆ ಎಂದು ಕೇಳಿದ. ಇದೆ, ಎಂದಳು.

ಅಮರಿಲ್ಲೊದಲ್ಲಿ ಜೋನಿಸ್ ಹೊಸ ಹಾಸಿಗೆ ಹಾಸಿ, ಬೀರುವಿನಲ್ಲಿ ಎರಡು ಖಾನೆ ಖಾಲಿ ಮಾಡಿ ಕಾದಿದ್ದಳು. ಆರ್ಲಿಸ್ ಅರ್ಧ ಗಂಟೆ ಅಲ್ಲಿ ಮಲಗಿ ಎದ್ದಳು. ಅವಳ ಬಟ್ಟೆ ಪೆಟ್ಟಿಗೆ ಒಳಗೆ ತರಲು ಡೆಲ್ಮರ್ ಬಾಗಿಲಲ್ಲಿ ನಿಂತು ಅಪ್ಪಣೆಗೆ ಕಾಯುತ್ತಿದ್ದ. ಕೈಯಲ್ಲಿ ಟೋಪಿ ತಿರುಗಿಸುತ್ತಿದ್ದ.

ಅವಳು ಅವನನ್ನು ದಾಟಿ ಅಡುಗೆಮನೆಗೆ ಹೋಗಿ ತಂಗಿಯನ್ನು ಕೇಳಿದಳು, "ದಪ್ಪ ಪ್ಲಾಸ್ಟಿಕ್ ಹಾಳೆ ಇದ್ರೆ ಕೊಡೇ ಜೋನಿಸ್. ಕಲ್ಲಿನ ಕೆಳಗೆ ಹಾಸ್ಬೇಕು. ಅಸಹ್ಯ, ಆ ಧೂಳು."