ಪಾರ್ವತಿಯ ನಿದ್ದೆ

ಮದುವೆಯಾಗಿ ಮೀಂಜದ ಮನೆಗೆ ಬಂದ ಮೇಲೆ ನಾನು ಮೊದಲು ಕಲಿತ ವಿದ್ಯೆ ಸದ್ದಾಗದಂತೆ ಕೆಮ್ಮುವುದು. ಸೆರಗನ್ನು ಉಂಡೆ ಮಾಡಿ ಬಾಯಿಗೆ ಒತ್ತಿಕೊಂಡು ಬಾವಿಕಟ್ಟೆಗೆ ಓಡುವುದು, ರಾಟೆ ಕಿರುಗುಟ್ಟುವಾಗ ಅದರ ಜೊತೆಗೇ ಕೆಮ್ಮಿ ಮುಗಿಸುವುದು. ನನಗೆ ಸಣ್ಣಂದಿನಿಂದ ದಮ್ಮು. ಹೆಣ್ಣು ನೋಡಲು ಬಂದವರಿಗೆ ಅಪ್ಪ ಅದನ್ನು ಹೇಳಿರಲಿಲ್ಲ. ಅವರು ಕೇಳಲಿಲ್ಲ, ತಾನು ಹೇಳಲಿಲ್ಲ ಎಂಬುದು ಅಪ್ಪನ ಸಮಾಧಾನ. ಉಸಿರು ಕಟ್ಟುವುದು ನನಗೆ, ಸಮಾಧಾನ ಅವರಿಗೆ.

ಆಗ ನಮ್ಮ ಊರೆಲ್ಲ ಇನ್ನೂ ಮದರಾಸಿಗೆ ಸೇರಿತ್ತು. ಗಂಡ ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಶನಿವಾರ ಬಂದು ಸೋಮವಾರ ಹೋಗುವವರು, ಮಲಗಿದರೆ ಗುಡುಗಿಗೂ ಏಳದವರು. ಅವರಿಂದ ನನಗೆ ಭಯವಿರಲಿಲ್ಲ. ಮಾವ ಶಾಲೆಯ ಮಾಸ್ತರರು, ತಾಳಮದ್ದಳೆಯಲ್ಲಿ ಅರ್ಥ ಹೇಳುವುದರಲ್ಲಿ ಹೆಸರು ಮಾಡಿದವರು. ವೇಷವಿಲ್ಲದೆ, ಕುಳಿತಲ್ಲೇ ಅರ್ಜುನನೋ ಕೃಷ್ಣನೋ ಆಗಿ ವಾದ ಮಾಡಬೇಕು. ಎದುರಿನವನ ಮಾತಿನಲ್ಲಿ ಒಂದು ಸುಳ್ಳು ಸಿಕ್ಕಿದರೆ ಅದನ್ನು ಸಭೆಯ ಮುಂದೆ ಎತ್ತಿ ಹಿಡಿಯುವುದೆಂದರೆ ಮಾವನಿಗೆ ಹಬ್ಬ. ಆದರೆ ಮನೆಯೊಳಗೆ ಅವರ ಗಮನವಿರಲಿಲ್ಲ. ಗಮನವಿದ್ದದ್ದು ಅತ್ತೆಗೆ. ಬೆಕ್ಕು ಹಾಲಿನ ಪಾತ್ರೆಯ ಹತ್ತಿರ ಸುಳಿದರೆ ಅಂಗಳದಿಂದಲೇ ಗೊತ್ತು ಮಾಡಿಕೊಳ್ಳುವ ಹೆಂಗಸು.

ನಾನು ಬಂದ ಹೊಸತರಲ್ಲೇ ಒಂದು ದಿನ ಅಕ್ಕಿ ಕೇರುತ್ತಾ ಅತ್ತೆ ಹೇಳಿದರು. “ಆಚೆ ಮನೆಯ ಸೊಸೆಯನ್ನು ಆಟಿಗೆ ಕಳಿಸಿದವರು ಮತ್ತೆ ಕರೆಯಲಿಕ್ಕೆ ಹೋಗಲೇ ಇಲ್ಲ. ಎಂತದೋ ಕಾಯಿಲೆ ಇತ್ತಂತೆ. ಅಡಗಿಸಿ ಕೊಟ್ಟದ್ದಂತೆ.”

ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ಹೊಸ ಮದುಮಗಳು ತವರಿಗೆ ಹೋಗಿ ಕೂರುವುದು ನಮ್ಮ ಕಡೆಯ ಕ್ರಮ. ಸೋಣ ತಿಂಗಳಿಗೆ ಗಂಡನ ಮನೆಯವರು ಬಂದು ಕರೆದೊಯ್ಯಬೇಕು. ಬಾರದಿದ್ದರೆ ಅದರ ಅರ್ಥ ಎಲ್ಲರಿಗೂ ಗೊತ್ತು. ಅತ್ತೆ ಮೊರದಿಂದ ತಲೆ ಎತ್ತದೆ ಇಷ್ಟು ಹೇಳಿದರು. ಈ ಹೆಂಗಸಿಗೆ ಏನೋ ವಾಸನೆ ಹತ್ತಿದೆ, ಆಟಿಗೆ ಕಾಯುತ್ತಿದ್ದಾರೆ ಎಂದುಕೊಂಡೆ.

ಬೇಸಗೆ ಮುಗಿಯುವ ಹೊತ್ತಿಗೆ ಮನೆಗೆ ಆಸನದವರು ಬಂದರು. ಹಾಗೆಂದು ನಾವು ಇಟ್ಟುಕೊಂಡ ಹೆಸರು. ಮಾವನಿಗೆ ಕೂತು ಕೂತು ಸೊಂಟ ಹಿಡಿದಿತ್ತು. ಹೊಸಂಗಡಿಯ ಚಾದ ಅಂಗಡಿಯಲ್ಲಿ ಈ ಮನುಷ್ಯ ಸಿಕ್ಕಿ, ಸೊಂಟ ಸರಿ ಮಾಡುತ್ತೇನೆ, ಒಂದೊಂದು ಆಸನಕ್ಕೂ ಒಂದೊಂದು ಪುರಾಣವಿದೆ ಎಂದನಂತೆ. ಸೊಂಟಕ್ಕಿಂತ ಪುರಾಣದ ಆಸೆಗೆ ಮಾವ ಅವನನ್ನು ಕರೆದುಕೊಂಡೇ ಬಂದರು. ಹೆಗಲಲ್ಲಿ ಕಾವಿ ಶಾಲು, ಸೊಂಟದಲ್ಲಿ ಬಿಳಿ ಪಂಚೆ, ಎಣ್ಣೆ ಹಚ್ಚಿ ಬಾಚಿದ ತಲೆ.

“ಮೇಲೆ ಸನ್ಯಾಸಿ, ಕೆಳಗೆ ಸಂಸಾರಿ. ಇದೆಂತ ಲೆಕ್ಕ?” ಎಂದರು ಅತ್ತೆ, ಒಳಗೆ ಬಂದು. “ಸನ್ಯಾಸಿ ವೇಷ ಹಾಕಿ ಬಂದವರು ಇಬ್ಬರು. ರಾವಣ ಸೀತೆಯನ್ನು ಹೊತ್ತುಕೊಂಡು ಹೋದ, ಅರ್ಜುನ ಸುಭದ್ರೆಯನ್ನು. ಇವ ಯಾರಂತ ನೋಡಬೇಕು. ನೀನು ಜಗಲಿಗೆ ಬರಬೇಡ, ಆಯಿತಾ.”

ಕಂಚಿನ ತಂಬಿಗೆ ಅಟ್ಟಕ್ಕೆ ಹೋಯಿತು. ಆಸನದವರಿಗೆ ಅಲ್ಯೂಮಿನಿಯಂ ಲೋಟದಲ್ಲಿ ನೀರು ಬಂತು.

ಬೆಳಿಗ್ಗೆ ಜಗಲಿಯಲ್ಲಿ ಪಾಠ. ಅತ್ತೆ ಮೊರ ಹಿಡಿದು ಬಾಗಿಲಲ್ಲೇ ಕಾವಲು ಕೂರುವರು. ನಾನು ಅವರ ಬೆನ್ನ ಹಿಂದೆ, ಕತ್ತಲೆಯ ಒಳಕೋಣೆಯಲ್ಲಿ. ಆಸನದವರು ಒಂಟಿಕಾಲಲ್ಲಿ ನಿಂತು, ಗಂಗೆಯನ್ನು ಇಳಿಸಲು ಭಗೀರಥ ಹೀಗೆ ನಿಂತ ಎಂದರು. “ನಮ್ಮ ಗದ್ದೆಯಲ್ಲಿ ಕೊಕ್ಕರೆ ಕೂಡ ಹೀಗೇ ನಿಲ್ಲುವುದು, ಗಂಗೆಗಲ್ಲ, ಮೀನಿಗೆ” ಎಂದರು ಅತ್ತೆ. ಕಾಲು ಅಗಲಿಸಿ ಕೈ ಚಾಚಿ ವೀರಭದ್ರನಾದರೆ, “ದಕ್ಷನ ತಲೆ ಕಡಿಯಲಿಕ್ಕೆ ಹೊರಟವನ ಹಾಗೆ ನಿಂತರೆ ಸೊಂಟ ನೋವು ಹೋಗ್ತದಾ?” ಎಂದು ಕೇಳಿದರು. ಆ ಮನುಷ್ಯ ಬೇಸರಿಸಲಿಲ್ಲ, ನಕ್ಕ. ಅಷ್ಟು ಬೇಗ ನಗುವವರ ಮೇಲೆ ನನಗೆ ಇವತ್ತಿಗೂ ನಂಬಿಕೆ ಇಲ್ಲ.

ಒಂದು ದಿನ ಬೆನ್ನು ತಿರುಚಿ ಕೂರುವ ಆಸನ. ಅದರ ಕಥೆ ಹೀಗೆ. ಕಡಲ ಕರೆಯಲ್ಲಿ, ನೀರಿನ ಅಂಚಿಗೆ ಕೂತು, ಶಿವ ಪಾರ್ವತಿಗೆ ಯೋಗದ ಗುಟ್ಟನ್ನೆಲ್ಲ ಹೇಳುತ್ತಿದ್ದ. ಕೇಳುತ್ತ ಕೇಳುತ್ತ ಪಾರ್ವತಿಗೆ ನಿದ್ದೆ ಬಂತು. ನೀರಿನೊಳಗೆ ಒಂದು ಮೀನಿತ್ತು, ಗುಟ್ಟನ್ನೆಲ್ಲ ಕೇಳಿದ್ದು ಅದು. ಆ ಮೀನೇ ಮುಂದೆ ಮನುಷ್ಯನಾಗಿ ಮತ್ಸ್ಯೇಂದ್ರನೆಂಬ ಯೋಗಿಯಾಯಿತು.

ಮಾವ ತಿರುಚಿದ ಬೆನ್ನಿನಲ್ಲೇ ವಾದಕ್ಕೆ ನಿಂತರು. “ಲೋಕಮಾತೆ ಪಾಠದ ಮಧ್ಯೆ ನಿದ್ದೆ ಮಾಡಿದಳು ಅನ್ನಲಿಕ್ಕೆ ಆಧಾರ ಎಂತ ಉಂಟು?” ಆಧಾರ ಸಿಗುವ ಮೊದಲೇ ಶವಾಸನ ಬಂತು, ಮಾವ ಗೊರಕೆ ಹೊಡೆದರು.

ಆಗ ಅತ್ತೆ ಆಸನದವರನ್ನು ಕೇಳಿದರು. “ದಮ್ಮಿಗೆ ಎಂತಾದರೂ ಉಂಟಾ ನಿಮ್ಮ ವಿದ್ಯೆಯಲ್ಲಿ? ಇವರಿಗೆ ಒಮ್ಮೊಮ್ಮೆ ಉಸಿರು ಕಟ್ಟುತ್ತದೆ.”

ಮದ್ದಳೆಯ ಪೆಟ್ಟಿನ ಮೇಲೆ ಕೇಳಿಸುವಂತೆ ಗುಡುಗುವ ಮಾವನಿಗೆ ದಮ್ಮೇ? ಇದು ನನ್ನನ್ನು ಚುಚ್ಚಲಿಕ್ಕೇ ಆಡಿದ ಮಾತು. ಗೊತ್ತಾಗಿದೆ, ಇನ್ನು ಹಿಂಡಿ ಹಿಂಡಿ ಬಾಯಿ ಬಿಡಿಸುತ್ತಾರೆ. ನನಗೆ ಅಳುವುದಕ್ಕಿಂತ ಸಿಟ್ಟೇ ಹೆಚ್ಚು ಬಂತು. ಬಯ್ಯುವುದಿದ್ದರೆ ಎದುರಿಗೆ ಬಯ್ಯಬಾರದೆ?

ಆಸನದವರು ಮೆಲ್ಲಗೆ ಏನೋ ಹೇಳತೊಡಗಿದರು. “ಗಟ್ಟಿಯಾಗಿ ಹೇಳಿ ಸ್ವಾಮಿ, ನನಗೆ ಕಿವಿ ಮಂದ” ಎಂದರು ಅತ್ತೆ.

ಕಿವಿ ಮಂದವಂತೆ! ನನ್ನ ಸಂಶಯ ಇನ್ನೂ ಬಲವಾಯಿತು. ಆದರೆ ಹೇಳಿದ್ದು ಕೇಳಿಸುತ್ತಿತ್ತಲ್ಲ. ಚಕ್ಕಳಮಕ್ಕಳ ಹಾಕಿ ಹಿಂದಕ್ಕೆ ಮಲಗಿ ಎದೆ ಮೇಲೆತ್ತುವುದು, ನೆತ್ತಿಯನ್ನು ನೆಲಕ್ಕೆ ತಾಗಿಸುವುದು. ಉಸಿರು ಎಳೆದುಕೊಳ್ಳುವ ಆತುರ ಬೇಡ, ಬಿಡುವುದನ್ನು ಕಲಿಯಬೇಕು, ನಿಧಾನಕ್ಕೆ, ಪೂರ್ತಿ ಖಾಲಿಯಾಗುವ ತನಕ. ಬಾಗಿಲ ಸಂದಿನಿಂದ ನೋಡಿದೆ. ಮೊರ ಮಡಿಲಲ್ಲಿತ್ತು, ಅತ್ತೆಯ ತಲೆ ಬಾಗಿಲ ದಾರಂದಕ್ಕೆ ಒರಗಿತ್ತು, ಕಣ್ಣು ಮುಚ್ಚಿತ್ತು. ನಾನು ಚಾಪೆಯ ಮೇಲೆ ಮಲಗಿ ಎದೆ ಎತ್ತಿದೆ.

ಮರುದಿನವೂ ಹಾಗೆಯೇ. ಮಾವನಿಗೆ ಶವಾಸನ ಹಿಡಿದ ಕೂಡಲೇ ಅತ್ತೆ ದಮ್ಮಿನ ವಿಷಯ ಎತ್ತುವರು, ಗಟ್ಟಿಯಾಗಿ ಹೇಳಿಸುವರು, ಆಮೇಲೆ ತೂಕಡಿಸುವರು. ನಾನು ಅವರ ರೆಪ್ಪೆಯನ್ನೇ ನೋಡುತ್ತಾ ಉಸಿರು ಬಿಡುವೆ. ಅಲುಗಿದರೆ ತಟ್ಟನೆ ಎದ್ದು ಪೊರಕೆ ಹಿಡಿಯುವೆ. ಎದೆ ಒಂದೊಂದು ದಿನ ಹಗುರವಾಗುತ್ತಿತ್ತು, ಒಂದೊಂದು ದಿನ ಇಲ್ಲ. ಮಳೆ ಹಿಡಿಯುವ ಮುಂಚೆ ಆಸನದವರು ಹೇಳದೆ ಕೇಳದೆ ಹೊರಟುಹೋದರು. ಅತ್ತೆ ಮನೆಯೆಲ್ಲ ಹುಡುಕಿದರು. ಅಲ್ಯೂಮಿನಿಯಂ ಲೋಟ ಸಹ ಇತ್ತು. ಅದು ಅವರಿಗೆ ಸ್ವಲ್ಪ ಬೇಸರದ ಸಂಗತಿಯಾಯಿತೆಂದು ನನಗೆ ಅನಿಸಿತು.

ಆಟಿಗೆ ಅಪ್ಪ ಕುಂಜತ್ತೂರಿನಿಂದ ನನ್ನನ್ನು ಕರೆಯಲು ಬಂದರು. ಜಗಲಿಯಲ್ಲಿ ಮಾವನ ಎದುರು ಕೂತವರು ಕಣ್ಣೆತ್ತಿ ಮಾತಾಡಲಿಲ್ಲ. ನಾನು ಸೀರೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿದೆ. ಒಂದನ್ನೂ ಬಿಡಲಿಲ್ಲ, ಬಿಟ್ಟರೆ ಅದನ್ನು ತರಲು ಯಾರು ಬರುತ್ತಾರೆ? ಅತ್ತೆ ಒಳಗೆ ಬಂದು ಪೆಟ್ಟಿಗೆ ನೋಡಿದರು. ಬಾಗಿಲು ಹಾಕಿದರು. ಮೇಲಿನ ಎರಡು ಸೀರೆ ತೆಗೆದು ಕೋಣೆಯ ಬಟ್ಟೆ ಬಳ್ಳಿಯ ಮೇಲೆ ಹಾಕಿದರು.

“ಇಷ್ಟೆಲ್ಲ ಎಂತಕ್ಕೆ? ಸೋಣಕ್ಕೆ ನಾನೇ ಬರ್ತೇನೆ ಕರಕೊಂಡು ಬರಲಿಕ್ಕೆ.”

ನಾನು ಅವರ ಮುಖ ನೋಡಿದೆ. ಇದರಲ್ಲಿ ಏನೋ ಇದೆ ಎಂದು ಹುಡುಕಿದೆ.

“ಆ ಮನುಷ್ಯನನ್ನು ನಾನು ಈಗಲೂ ನಂಬುವುದಿಲ್ಲ. ಆದರೆ ಉಸಿರು ಬಿಡುವುದನ್ನು ಮಾತ್ರ ಬಿಡಬೇಡ ಮಾರಾಯ್ತಿ. ಅಪ್ಪನ ಮನೆಯಲ್ಲಿ ಉದಾಸೀನ ಮಾಡಬೇಡ.”

ನಾನೆಂದೆ, “ನೀವು ಕಿವಿ ಮಂದ ಅಂತ…”

“ನನ್ನ ಕಿವಿಗೆ ಎಂತ ಆಗಿದೆ? ನೀನು ಬಂದ ವಾರದಿಂದ ಬಾವಿಕಟ್ಟೆಯಲ್ಲಿ ಕೆಮ್ಮುವುದು ಕೇಳ್ತಾ ಉಂಟು. ನಿನ್ನ ಮಾವನ ಕಿವಿಗೆ ಬಿದ್ದಿದ್ದರೆ ನಿನ್ನ ಅಪ್ಪನನ್ನು ಸಭೆಗೆ ಎಳೆಯುತ್ತಿದ್ದರು. ಆಚೆ ಮನೆಯ ಕಥೆ ಹೇಳಿದ್ದು ಎಂತಕ್ಕೆ? ಜಾಗ್ರತೆ ಇರಲಿ ಅಂತ.”

ನನಗೆ ಅಳು ಒತ್ತರಿಸಿ ಬಂತು. ಅತ್ತುಬಿಟ್ಟರೆ ದಮ್ಮು ಏಳುತ್ತದೆಂದು ಗೊತ್ತಿದ್ದ ಅವರು ನನ್ನ ಬೆನ್ನಿಗೆ ಕೈ ಇಟ್ಟು, ನಿಧಾನ, ನಿಧಾನ ಎಂದರು. ಹೊರಗೆ ಮಾವ ಯಾವುದೋ ಪುರಾಣದ ವಿಷಯ ಹಿಡಿದು ಅಪ್ಪನಿಗೆ ಬುದ್ಧಿ ಹೇಳುತ್ತಿದ್ದರು. ಉಸಿರು ಹದಕ್ಕೆ ಬಂದ ಮೇಲೆ ಅತ್ತೆ ಬಾಗಿಲ ಅಗುಳಿಗೆ ಕೈ ಹಾಕಿ ನಿಂತರು.

“ಆ ಮೀನಿನ ಕಥೆಯಲ್ಲಿ ನನಗೊಂದು ಸಂಶಯ ಉಂಟು” ಎಂದರು. “ಪಾರ್ವತಿ ನಿದ್ದೆ ಮಾಡಿರಲಿಕ್ಕಿಲ್ಲ.”