ಒಂಟಿ ಕಿವಿಯ ವೀರ

ಮನುಷ್ಯ ಊರು ಬದಲಾಯಿಸಬಹುದು, ಆದರೆ ಅವನ ಶತ್ರುಗಳು ಅವನನ್ನು ಹಿಂಬಾಲಿಸಿಯೇ ತೀರುತ್ತಾರೆ ಎಂಬುದು ಯಾರಾದರೂ ಗಂಭೀರವಾಗಿ ಯೋಚಿಸಬೇಕಾದ ಸಂಗತಿ. ನನ್ನವರು ಬಿಸ್ಕತ್ತಿನ ಡಬ್ಬಿಗಳಲ್ಲಿ, ಹತ್ತಿ ಸುತ್ತಿಕೊಂಡು, ಸಾಮಾನಿನ ಲಾರಿಯಲ್ಲಿ ಬಂದರು. ಅರಸೀಕೆರೆ ದಾಟುವಷ್ಟರಲ್ಲಿ ಕೆಲವರ ಈಟಿ ಮುರಿದಿತ್ತು.

ಕುಮಟೆಯ ಹಳೆಯ ಗೆಳೆಯರಾದ ನಿಮಗೆ ನನ್ನ ಚಟ ಗೊತ್ತು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ನಕ್ಷೆ ಬರೆಯುವ ನೌಕರಿಯಿಂದ ನಿವೃತ್ತನಾದ ನಾನು ಹೆಬ್ಬೆರಳಿನ ಅರ್ಧದಷ್ಟು ಎತ್ತರದ ಸೈನಿಕರನ್ನು ಮಾಡುತ್ತೇನೆ. ಹಳೆಯ ಕಾಲದ ಉಡುಪು, ಆಯುಧಗಳನ್ನು ಓದಿ ತಿಳಿದು, ಮೇಣದಂಥ ಪುಟ್ಟಿಯಲ್ಲಿ ತಿದ್ದಿ, ಬಣ್ಣ ಬಳಿದು, ಮೇಜಿನ ಮೇಲೆ ಎರಡು ದಂಡು ನಿಲ್ಲಿಸುತ್ತೇನೆ. ಅಳತೆಪಟ್ಟಿ ಹಿಡಿದು ಅವರನ್ನು ನಡೆಸುವುದು, ದಾಳ ಹಾಕಿ ಕೊಲ್ಲುವುದು. ಇದರಲ್ಲಿ ಇಷ್ಟು ವರ್ಷ ಯಾರಿಗೂ ಗಾಯವಾಗಿಲ್ಲ, ನನ್ನ ಬೆನ್ನಿನ ಹೊರತು.

ಹೆಂಡತಿ ಸುಮತಿ ದನದ ಡಾಕ್ಟರು. ಅವಳಿಗೆ ತುರುವೇಕೆರೆ ತಾಲ್ಲೂಕಿಗೆ ವರ್ಗವಾಯಿತೆಂದು ನಾನೂ ಬಂದೆ. ಮನೆ ಹುಡುಕುವಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಮೀನು ತಿಂತೀರಾ? ಇಲ್ಲಿ ಸಿಗುವ ಮೀನನ್ನು ತಿನ್ನುವುದಿಲ್ಲ ಎಂದು ಸತ್ಯವನ್ನೇ ಹೇಳಿದೆವು. ಯಾರೂ ಒಪ್ಪಲಿಲ್ಲ. ಕೊನೆಗೆ ದಂಡಿನಶಿವರದ ಆಚೆಯ ಹಳ್ಳಿಯೊಂದರಲ್ಲಿ ಗಂಗಾಧರಯ್ಯ ಎಂಬ ತೆಂಗಿನ ಬೆಳೆಗಾರರು ತಮ್ಮ ಹಳೆಯ ಮನೆಯ ಅರ್ಧ ಬಿಟ್ಟುಕೊಟ್ಟರು. ಅವರ ಹಸುವಿಗೆ ಸುಮತಿ ಸುಸೂತ್ರವಾಗಿ ಕರು ಹಾಕಿಸಿದ್ದಳು.

ನಮ್ಮಲ್ಲಿ ತೆಂಗಿನಕಾಯಿಯೆಂದರೆ ಮರದಿಂದ ಇಳಿದ ವಾರದಲ್ಲೇ ತುರಿದು ಸಾರಿಗೆ ಬೀಳುವ ವಸ್ತು. ಇಲ್ಲಿ ಅದನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಒಂದು ವರ್ಷ ಕತ್ತಲಲ್ಲಿ ಇಡುತ್ತಾರೆ. ಒಳಗೆ ನೀರು ಬತ್ತಿ, ತಿರುಳು ಕರಟ ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ನನ್ನ ಮೇಜಿನ ಮೇಲೆಯೇ ಆ ಅಟ್ಟ. ಮಟಮಟ ಮಧ್ಯಾಹ್ನ ಇಲಿಯೊಂದು ಹಾದರೆ ಸಾಕು, ಸಾವಿರಾರು ಕಾಯಿಗಳು ಒಳಗೊಳಗೇ ಲೊಟಲೊಟ ಎನ್ನುತ್ತಿದ್ದವು, ನೂರಾರು ಜನ ಬಾಯಿ ಮುಚ್ಚಿಕೊಂಡು ಮಾತಾಡಿದ ಹಾಗೆ. ನಾನು ಕುಂಚ ಕೆಳಗಿಟ್ಟು ಮೇಲೆ ನೋಡುತ್ತಿದ್ದೆ. ಹಲಗೆಗಳು ಬಗ್ಗಿದ್ದವು.

ಹೊಸ ಊರಿನ ಗೌರವಕ್ಕೆ ಇಲ್ಲಿನದೇ ಒಂದು ಯುದ್ಧವನ್ನು ಮಾಡೋಣವೆಂದುಕೊಂಡೆ. ಗಂಗಾಧರಯ್ಯನವರ ತೋಟದ ಅಂಚಿನಲ್ಲಿ ಒಂದು ವೀರಗಲ್ಲಿದೆ. ಊರಿನ ದನ ಹೊಡೆದುಕೊಂಡು ಹೋಗುತ್ತಿದ್ದವರ ಮೇಲೆ ಬಿದ್ದು, ದನ ಉಳಿಸಿ ಸತ್ತವನ ನೆನಪಿನ ಕಲ್ಲು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಬರೆದುಕೊಂಡೆ: ಎಡಕ್ಕೆ ವಾಲಿದ ತುರುಬು, ಸೊಂಟದ ಕಠಾರಿ, ಬಲಗಿವಿ ಇಲ್ಲದ ತಲೆ. ಯಾವುದೋ ಹಿಂದಿನ ಕಾಳಗದಲ್ಲಿ ಕಿವಿ ಹೋಗಿರಬೇಕೆಂದು ಪಂಡಿತನಂತೆ ತೀರ್ಮಾನಿಸಿ, ಹಾಗೆಯೇ ಮಾಡಿದೆ. ಕಪ್ಪು ಬಳಿದು, ಅದರ ಮೇಲೆ ತೆಳ್ಳಗೆ ಮೈಬಣ್ಣ ಹತ್ತಿಸಿ, ಕಾಲಡಿಗೆ ಅದೇ ತೋಟದ ಕೆಮ್ಮಣ್ಣು ಮತ್ತು ತೆಂಗಿನ ನಾರಿನ ಪುಡಿ ಅಂಟಿಸಿದೆ. ಅವನ ಕಡೆಯವರನ್ನೂ ಕಳ್ಳರನ್ನೂ ದನಗಳನ್ನೂ ಮಾಡಿದೆ. ಅವುಗಳ ಕೆಚ್ಚಲು ಇರಬೇಕಾದ ಕಡೆ ಇಲ್ಲವೆಂದು ಸುಮತಿ ಆಕ್ಷೇಪಿಸಿದಳು.

ಬಾಡಿಗೆ ಕೊಡಲು ಕರೆದ ದಿನ ಗಂಗಾಧರಯ್ಯ ಮೇಜಿನ ಹತ್ತಿರ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಇದು ನಮ್ ಹಿರೀಕರಲ್ವಾ?"

"ಯಾರು?"

"ಆ ಕಿವಿ ನೋಡಿ ಸ್ವಾಮಿ. ನಮ್ ತಾತ ಎತ್ತಿನ್ ಬಂಡಿ ತಿರುಗ್ಸೋವಾಗ ಕಲ್ಲಿಗೆ ಚಕ್ರ ತಾಗಿ ಮುರ್ದಿದ್ದು. ಆ ವರ್ಷವೇ ತಾತ ಹೋದ್ರು." ಅವರು ನೇರವಾದರು. "ಕಣ್ಣು ಬೇರೆ ಬರ್ದಿದ್ದೀರಾ."

ನಮ್ಮ ಕಸುಬಿನಲ್ಲಿ ಕಣ್ಣನ್ನು ಮೊದಲೇ ಬರೆಯುತ್ತಾರೆ, ಕೈ ತಪ್ಪಿದರೆ ತಿದ್ದುವುದು ಸುಲಭ. ಇಲ್ಲಿ ದೇವರಿಗಾಗಲಿ ಹಿರಿಯರಿಗಾಗಲಿ ಕಣ್ಣು ಕೊನೆಯ ಕೆಲಸ. ಅದನ್ನು ಬರೆಯುವ ಹೊತ್ತಿಗೆ ಎಡೆ, ಅಂದರೆ ಬಾಳೆಲೆಯ ಮೇಲೆ ಬಡಿಸಿದ ಊಟ, ಮುಂದೆ ಸಿದ್ಧವಾಗಿರಬೇಕು. ಕಣ್ಣು ಬಿಟ್ಟವನಿಗೆ ಹಸಿವಾಗುತ್ತದೆ. ನನ್ನ ವೀರ ಕಣ್ಣು ಬಿಟ್ಟು ಆಗಲೇ ತಿಂಗಳಾಗಿತ್ತು.

ಮರುದಿನದಿಂದ ಗಂಗಾಧರಯ್ಯನವರ ಅಕ್ಕ ಗೌರಮ್ಮ ಬೆಳಿಗ್ಗೆ ನಮ್ಮ ಹೊಸ್ತಿಲ ಮೇಲೆ ಒಂದು ಲೋಟ ನೀರು, ಬೆಲ್ಲದ ಚೂರು ಇಟ್ಟು ಹೋಗತೊಡಗಿದರು. ಈ ಸೀಮೆಯ ಆದರಾತಿಥ್ಯವೆಂದು ತಿಳಿದು ನಾನು ಕುಡಿದೆ. ಕೆಲವು ದಿನಗಳ ಮೇಲೆ ಕಿಟಕಿಯಾಚೆ ಆಕೆ ತಮ್ಮನಿಗೆ ಹೇಳಿದ್ದು ಕೇಳಿಸಿತು: "ಹಿರೀಕರು ದಿನಾ ಕುಡೀತಾವ್ರೆ ಕಣ್ಲಾ." ಆಮೇಲೆ ನಿಜ ಹೇಳುವ ಧೈರ್ಯವಾಗಲಿಲ್ಲ.

ಕಣ್ಣು ಬರೆದ ಸುದ್ದಿ ಹರಡಿ ಹಳ್ಳಿ ಬದಲಾಯಿತು. ಹಾಲು ತರುತ್ತಿದ್ದಾಕೆ ಗೇಟಿನಲ್ಲೇ ಇಟ್ಟು ಹೋದಳು. ನಮ್ಮ ಕಡೆ ಜನಕ್ಕೆ ಸಿಟ್ಟು ಬಂದರೆ ಬಾಯಿ ದೊಡ್ಡದಾಗುತ್ತದೆ, ಇಲ್ಲಿ ಸಣ್ಣದಾಗುತ್ತದೆ. ಮುದ್ದೆ ನುಂಗಲು ಕಲಿತೆನೆಂದು ನಿನ್ನೆಯವರೆಗೂ ಬೆನ್ನು ತಟ್ಟುತ್ತಿದ್ದವರು ನನ್ನನ್ನು ಕಂಡು ತೋಟದೊಳಕ್ಕೆ ತಿರುಗುತ್ತಿದ್ದರು. ಒಂದು ಸಂಜೆ ಗಂಗಾಧರಯ್ಯ ಜಗಲಿಗೆ ಬಂದು ಕೂತರು.

"ಅವ್ರನ್ನ ಏನ್ ಮಾಡ್ತೀರಾ?"

"ಬೇಕಾದರೆ ಡಬ್ಬಿಗೆ ಹಾಕಿಡುತ್ತೇನೆ."

"ಕತ್ತಿ ಹಿರ್ದು, ಕಣ್ಣು ಬುಟ್ಕೊಂಡು ನಿಂತವ್ರನ್ನ ಡಬ್ಬೀಲಿ ಹಾಕ್ತೀರಾ? ಯಾರ್ ಮೇಲ್ ಬೀಳ್ತಾರೆ ಅಂತ ಗೊತ್ತಾ? ಜಗಳ ಮುಗಿಸ್ಬುಡಿ. ಅವ್ರ ಕಡೆ ದಾಳ ನಾನ್ ಹಾಕ್ತೀನಿ. ಕಳ್ಳರ ಕಡೆ ನೀವು."

"ನಿಮ್ಮ ಹಿರೀಕರು ಬಿದ್ದರೆ?"

ಅವರು ಬಾಯಿಯ ಎಲೆಯಡಿಕೆ ಉಗಿದು ಬಂದು ಹೇಳಿದರು: "ಹಿರೀಕರನ್ನ ಕೊಂದೋರ್ನ ಮನೇಲಿ ಇಟ್ಕೊಳದು ಹೆಂಗೆ ಅಂತ ಅಕ್ಕ ಕೇಳ್ತಾ ಅವ್ಳೆ."

ಒಳಗೆ ಸುಮತಿ ಕಾಯುತ್ತಿದ್ದಳು. "ಸೋತ್ಬಿಡಿ, ಅಷ್ಟೇ. ಇನ್ನೊಂದು ಮನೆ ಹುಡುಕೂಕೆ ನನ್ನಿಂದಾಗೂದಿಲ್ಲ."

"ದಾಳಕ್ಕೆ ಹೇಳಿ ಸೋಲೂಕಾಗ್ತದ ಮಾರಾಯ್ತಿ?"

"ಇಷ್ಟು ವರ್ಷ ಹೇಳ್ದೇನೇ ಸೋತಿದ್ರಲ್ಲ."

ಭಾನುವಾರ ಮಧ್ಯಾಹ್ನ ಗಂಗಾಧರಯ್ಯ ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದರು. ಗೌರಮ್ಮ ಗೋಡೆಗೊರಗಿ ನಿಂತರು. ಕಿಟಕಿಗಳಲ್ಲಿ ತಲೆಗಳು. ನಾನು ಸೋಲಲೆಂದೇ ನನ್ನ ದನಗಳ್ಳರನ್ನು ಅಸಡ್ಡಾಳವಾಗಿ ಹರಡಿದ್ದೆ. ಯಾವ ಸೇನಾಪತಿ ಹಾಗೆ ನಿಲ್ಲಿಸಿದ್ದರೂ ನೌಕರಿ ಕಳೆದುಕೊಳ್ಳುತ್ತಿದ್ದ.

ಆದರೆ ಗಂಗಾಧರಯ್ಯ ವೀರನನ್ನು ಎತ್ತಿ, ಉಳಿದೆಲ್ಲರಿಗಿಂತ ಮುಂದೆ, ಒಬ್ಬನೇ, ನನ್ನವರ ನಡುವೆ ಇಟ್ಟರು.

"ಅಲ್ಲಿ ಬೇಡ. ಹಿಂದಿಡಿ, ಸುತ್ತ ನಾಲ್ಕು ಜನ ನಿಲ್ಲಿಸಿ," ಎಂದೆ. ಶತ್ರುವಿಗೆ ನಾನು ಇಷ್ಟು ಕಳಕಳಿಯಿಂದ ಯುದ್ಧ ಕಲಿಸಿದ್ದು ಅದೇ ಮೊದಲು.

"ಅವ್ರು ಹಿಂದೆ ನಿಲ್ಲೋರಲ್ಲ ಕಣ್ರೀ."

"ಸಾಯ್ತಾರೆ."

"ಗೊತ್ತು. ಹಾಕಿ."

ಆರು ಬಿದ್ದರೆ ಮಾತ್ರ ಸಾವು. ಬೇಕೆಂದಾಗ ನನಗೆ ಆರು ಬಿದ್ದದ್ದೇ ಇಲ್ಲ. ಬೆರಳ ತುದಿಯಿಂದ ಮೆಲ್ಲಗೆ ಬಿಟ್ಟೆ. ದಾಳ ಒಂದು ಹಸುವಿಗೆ ತಾಗಿ, ತಿರುಗಿ, ಆರು ತೋರಿಸಿ ನಿಂತಿತು. ಮೇಲೆ ಅಟ್ಟದಲ್ಲಿ ಕಾಯಿಗಳು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಲೊಟಗುಟ್ಟಿದವು. ಇಲಿಯೇ ಇರಬೇಕು.

ಗಂಗಾಧರಯ್ಯ ತಮ್ಮ ಹಿರೀಕರನ್ನು ಎರಡು ಬೆರಳಲ್ಲಿ ಹಿಡಿದು ಕೆಮ್ಮಣ್ಣಿನ ಮೇಲೆ ಪಕ್ಕಕ್ಕೆ ಮಲಗಿಸಿದರು. ಆಮೇಲೆ ಉಳಿದವರನ್ನು ಮುಂದಕ್ಕೆ ನಡೆಸಿದರು. ವೀರನ ಮೇಲೆ ಬೀಳಲು ನನ್ನ ಕಳ್ಳರೆಲ್ಲ ಅವನ ಸುತ್ತ ಗುಂಪುಗಟ್ಟಿದ್ದರಿಂದ ದನಗಳ ಹತ್ತಿರ ಯಾರೂ ಇರಲಿಲ್ಲ. ದನ ಹಿಂದಕ್ಕೆ ಬಂದವು. ಸುಮತಿ ಆಗಲೇ ಪಾತ್ರೆಗಳನ್ನು ಮನಸ್ಸಿನಲ್ಲೇ ಮೂಟೆ ಕಟ್ಟುತ್ತಿದ್ದಳೆಂದು ಅವಳ ಮುಖದಲ್ಲೇ ಗೊತ್ತಾಗುತ್ತಿತ್ತು.

ಗೌರಮ್ಮ ಮೊದಲ ಬಾರಿಗೆ ಮೇಜಿನ ಹತ್ತಿರ ಬಂದರು. "ದನ ಬಂದ್ವಾ?"

"ಬಂದ್ವು ಕಣಕ್ಕ."

"ಎಲ್ಲಾವೂ?"

"ಎಲ್ಲಾವೂ."

"ಹಂಗಾರೆ ಕಲ್ಲಲ್ಲಿದ್ದಂಗೇ ಆಯ್ತು ಬುಡು." ಆಕೆ ನನ್ನತ್ತ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಸತ್ತೋರ ಕಡೆಯಿಂದ ನಾವು ವರ್ಷ ವರ್ಷ ಎಡೆ ಇಡ್ತಾ ಬಂದಿದ್ದೀವಿ. ಕೊಂದೋರ ಕಡೆಯಿಂದ ಒಬ್ರೂ ಬಂದಿರ್ಲಿಲ್ಲ ಕಣಪ್ಪ. ಹಿರೀಕರು ದಾರಿ ನೋಡ್ತಿದ್ರು. ಈಗ ಬಂದಿದ್ದೀಯ."

ಅಂದಿನಿಂದ ಹಾಲು ಒಳಗೇ ಬರುತ್ತದೆ. ಜನ ಮಾತಾಡಿಸುತ್ತಾರೆ, ಮದುವೆಗಳಿಗೆ ಕರೆಯುತ್ತಾರೆ, ನೆಂಟರಿಗೆ ನನ್ನನ್ನು ತೋರಿಸಿ "ನಮ್ ಹಿರೀಕರನ್ನ ಕೊಂದೋರು" ಎಂದು ಪರಿಚಯಿಸಿ ಕಾಫಿ ಕೊಡುತ್ತಾರೆ. ಕಳೆದ ಬಾರಿ ಕುಮಟೆಗೆ ಬಂದಾಗ ನೀವು "ತಿಪಟೂರು ಕಡೆಯವರು ಬಂದ್ರು" ಎಂದು ನಕ್ಕಿರಿ. ಅಲ್ಲಿ ನಾನು ಇಲ್ಲಿಯವನು. ಇಲ್ಲಿ ನಾನು, ಕಲ್ಲಿನ ಬಲ ಅಂಚಿನಲ್ಲಿ ದನ ಹೊಡೆಯುತ್ತಿರುವ, ಹೆಸರಿಲ್ಲದ ಮೂವರ ಪೈಕಿ ಒಬ್ಬನ ವಂಶದವನು. ಇಷ್ಟು ಹಳೆಯ ಬೇರು ನನಗೆ ಹುಟ್ಟಿದೂರಿನಲ್ಲೂ ಇರಲಿಲ್ಲ. ಅದರ ಮೇಲೆ ಕೂತು ನೆಮ್ಮದಿಯಾಗಿದೆ ಎಂದು ಬರೆಯಲಾರೆ.

ಮಹಾಲಯ ಅಮಾವಾಸ್ಯೆಯಂದು ನಾವು ಗಂಡ ಹೆಂಡತಿ ಕೊಂದವರ ಕಡೆಯಿಂದ ಕಲ್ಲಿನ ಮುಂದೆ ಎಡೆ ಇಟ್ಟೆವು. ಕುಮಟೆಗೆ ವರ್ಗ ಕೇಳುವ ಅರ್ಜಿಯನ್ನು ಸುಮತಿ ಈ ವರ್ಷ ಹಾಕಲಿಲ್ಲ.