ಭುಜ ಕಾಯುವ ಹೂವಪ್ಪ

ಪುರ್ತಗೇರಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗರಡಿಮನೆಯ ಹೊರಗೆ, ಬೇವಿನ ಮರದ ಕೆಳಗೆ ಬೇಸ್‌ಬಾಲ್ ತಂಡದ ಹುಡುಗಿಯರು ಸಾಲಾಗಿ ಅಂಗೈ ಚಾಚಿ ನಿಂತಿದ್ದಾರೆ. ಮೊಬೈಲ್ ಬೆಳಕು ಹಿಡಿದು ನೋಡುತ್ತ ಬಂದ ಹೂವಪ್ಪ, ಚೆಂಡೆಸೆಯುವ ಪುಷ್ಪಾವತಿಯ ಮುಂದೆ ನಿಲ್ಲುತ್ತಾರೆ.

"ನಿನ್ನಿ ಕಡ್ಲಿ ಕಿತ್ತೀಯೇನವಾ?"

"ಇಲ್ಲಜ್ಜಾ, ಮನ್ಯಾಗ ಇದ್ದೆ."

"ಮನ್ಯಾಗ ಕುಂತವರ ಅಂಗೈ ಹಿಂಗ ಒಡೀತಾವೇನ?"

ಉಳಿದವರು ಕಿಸಕ್ಕನೆ ನಗುತ್ತಾರೆ. ಹೂವಪ್ಪ ಆಕೆ ಕಸರತ್ತಿಗೆ ಎತ್ತಬೇಕಿದ್ದ ಗರಡಿಯ ಕಲ್ಲನ್ನು ಪಕ್ಕಕ್ಕೆ ಉರುಳಿಸಿ, ಮರಕ್ಕೆ ಕಟ್ಟಿದ ಸೈಕಲ್ ಟ್ಯೂಬಿನ ತುದಿ ಕೈಗೆ ಕೊಡುತ್ತಾರೆ. "ಇಷ್ಟ ಎಳಿ, ಸಾಕು."

"ಭಾನುವಾರ ಗದಗಿನಾಗ ಪಂದ್ಯ ಐತಿ, ನನಗ ಸಣ್ಣ ಹುಡುಗ್ರ ಆಟ ಹಚ್ಚೀರಿ!" ಪುಷ್ಪಾವತಿ ಸಿಡಿಮಿಡಿಗೊಳ್ಳುತ್ತಾಳೆ.

ಅರವತ್ತು ದಾಟಿದ ಹೂವಪ್ಪ ಹರೆಯದಲ್ಲಿ ಕುಸ್ತಿ ಆಡಿದವರು. ಈಗ ಬೆಳಿಗ್ಗೆಯ ಬಸ್ಸು ಹಿಡಿದು ಗಜೇಂದ್ರಗಡದ ಪೇಟೆಗೆ ಹೋಗಿ ಹಮಾಲಿ ಮಾಡುತ್ತಾರೆ. ಊರ ಗರಡಿಯೊಳಗೆ ಹೆಣ್ಣುಮಕ್ಕಳು ಕಾಲಿಡುವ ರೂಢಿಯಿಲ್ಲ. ಹಿರಿಯರೊಡನೆ ವಾದಕ್ಕಿಳಿಯದೆ ಅವರು ಕಲ್ಲುಗಳನ್ನೇ ಹೊರಗೆ ತಂದರು. "ಹುಡಿಗ್ಯಾರು ಒಳಗ ಬರಬಾರ್ದು ಅಂದ್ರು. ಕಲ್ಲು ಹೊರಗ ಹೋಗಬಾರ್ದು ಅಂತ ಯಾರೂ ಅಂದಿದ್ದಿಲ್ರಿ."

ಹೋದ ವರ್ಷ ಪಂದ್ಯಗಳು ಶುರುವಾದೊಡನೆ, ಶಕ್ತಿ ಉಳಿಯಲಿ ಎಂದು ಹುಡುಗಿಯರು ಕಸರತ್ತನ್ನೇ ಬಿಟ್ಟರು. ಕೊನೆಯ ಪಂದ್ಯಗಳ ಹೊತ್ತಿಗೆ ತೋಳು ಸೋತು, ಎಸೆದ ಚೆಂಡು ನಡುವೆಯೇ ಬೀಳತೊಡಗಿತು. ಆಗ ಹೂವಪ್ಪನವರೊಡನೆ ಮಾತಾಡಲು ಗರಡಿಗೆ ಬಂದವರು ತಂಡಕ್ಕೆ ಆಟ ಕಲಿಸುವ ಮಾಸ್ತರ ಸಿದ್ದರಾಮೇಶ. ಟ್ಯೂಬು ಎಳೆಸುವುದು ಅವರು ಕಲಿಸಿದ್ದು. ಆಡುವ ದಿನಗಳಲ್ಲಿ ಭಾರ ಇಳಿಸಬೇಕು, ಪೂರ್ತಿ ಬಿಡಬಾರದು ಎಂಬುದು ಇಬ್ಬರೂ ಕೂತು ಕಂಡುಕೊಂಡದ್ದು.

ಆದರೆ ಪಂದ್ಯಗಳು ಬರುವುದೂ ಕಡಲೆ ಕೀಳುವ ಹಂಗಾಮಿನಲ್ಲೇ. ದಿನವಿಡೀ ಹೊಲದಲ್ಲಿ ಬಗ್ಗಿ ಗಿಡ ಕಿತ್ತ ತೋಳಿಗೆ ಮರುದಿನ ದೊಡ್ಡ ಕಲ್ಲು ಕೊಡುವಂತಿಲ್ಲ. ಹೊಲಕ್ಕೆ ಹೋದದ್ದನ್ನು ಹೇಳಿದರೆ ಸಣ್ಣ ಕಲ್ಲು ಸಿಗುತ್ತದೆ, ಗೆಳತಿಯರ ಮುಂದೆ ಅದು ಅವಮಾನ. ಅದಕ್ಕೇ ಹುಡುಗಿಯರು ಮುಚ್ಚಿಡುತ್ತಾರೆ.

"ಒಬ್ಬಾಕಿ ಭುಜ ಹೋತಂದ್ರ, ಮರುದಿನಾನ ಎಲ್ಲಾರ ಮನ್ಯಾಗೂ 'ಸಾಕು ನಿನ್ನ ಆಟ' ಅಂತಾರ್ರಿ. ನನಗ ಇರೂ ಅಂಜಿಕಿ ಅದೊಂದ," ಎನ್ನುತ್ತಾರೆ ಹೂವಪ್ಪ.

ಬಿಸಿಲು ಏರುವ ಮುನ್ನ ಹುಡುಗಿಯರು ಹೊರಡುತ್ತಾರೆ. ಪುಷ್ಪಾವತಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬರುತ್ತಾಳೆ. ಮುಖ ಇನ್ನೂ ಬಿಗಿದೇ ಇದೆ.

"ಅಜ್ಜಾ, ಇವತ್ತೂ ಹೊಲಕ್ಕ ಹೋಗೂದೈತಿ. ಕಡ್ಲಿ ಇನ್ನಾ ಉಳದೈತಿ."

"ಹೋಗವಾ. ಕೇಳೂಕಿಂತ ಮದ್ಲ ಹೇಳಿದ್ಯಲ್ಲ, ಭಾಳ ಚಲೋ ಆತು. ನಾಳಿನೂ ಟ್ಯೂಬು."

"ಗೊತ್ತೈತಿ ಬಿಡ್ರಿ!" ಎಂದು ಆಕೆ ಓಡುತ್ತಾಳೆ.

ಈ ಸಲ ಗೆದ್ದವರ ಕಪ್ ಊರಿಗೆ ಬರಬಹುದೇ ಎಂದರೆ ಹೂವಪ್ಪ ಹೆಗಲ ಮೇಲಿನ ಟವೆಲ್ ಕೊಡವುತ್ತಾರೆ. "ಕಪ್ಪು ಬಂದ್ರ ಬರಲಿರಿ, ಬ್ಯಾಡ ಅನ್ನಾಕ ನಾ ಯಾರು? ಆಡಿ ಬಂದ ಮರುದಿನ ಮುಂಜಾನಿ, ಹುಡಿಗ್ಯಾರು ಕೈ ಎತ್ತಿ ತಮ್ಮ ಹೆರಳ ತಾವ ಹಾಕ್ಕೋಬೇಕು. ನನಗ ಅಷ್ಟ ಸಾಕ್ರಿ."